ಎಂಜಿನ್ನಿಗೆ ಬೆಳ್ಳಿಯಂಚು

ಗಂಡಸರಿಗೆ ಒಡವೆಯ ಆಸೆ ಇಲ್ಲ ಅಂತ ಯಾರು ಹೇಳಿದ್ದು? ಹೊಳಲ್ಕೆರೆಯಲ್ಲಿರುವ ನನ್ನ ತಮ್ಮನನ್ನು ಒಮ್ಮೆ ನೋಡಬೇಕು. ಹೆಂಡತಿಗೆ ಒಂದು ಜೊತೆ ಓಲೆ ಕೊಡಿಸುವುದನ್ನು ಮೂರು ದೀಪಾವಳಿ ಮುಂದೆ ತಳ್ಳಿದವನು, ತನ್ನ ಹಳೆಯ ಯೆಜ್ಡಿ ಬೈಕಿನ ಎಂಜಿನ್ನಿಗೆ ಅಲಂಕಾರ ಮಾಡಲು ಮಾತ್ರ ಭಾನುವಾರವಿಡೀ ಹಿತ್ತಿಲಲ್ಲಿ ಕೂತಿರುತ್ತಾನೆ. ನಿಮ್ಮ ಮನೆಯಲ್ಲೂ ಇಂಥವರು ಒಬ್ಬರಾದರೂ ಇದ್ದಾರು. ಅದಕ್ಕೇ ಈ ನಾಲ್ಕು ಮಾತು.

ಎಂಜಿನ್ನಿನ ಸುತ್ತ, ಎಡೆಬಿಟ್ಟು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ ಕಾಣುತ್ತದಲ್ಲ, ಅವಕ್ಕೆ ಫಿನ್ ಅನ್ನುತ್ತಾರೆ. ಮೈಗೆಲ್ಲ ಕಪ್ಪು ಬಣ್ಣ ಕೊಟ್ಟು, ಅಂಚನ್ನು ಮಾತ್ರ ಅರದಿಂದಲೋ ಲೇತಿನಲ್ಲೋ ಸವರಿ ಹೊಳಪು ಬರಿಸಿದರೆ ಮೊಳಕಾಲ್ಮೂರು ಸೀರೆಯ ಜರಿಯಂಚಿನಂತೆ ಮಿನುಗುತ್ತದೆ. ಚೆಂದವೇನೋ ಹೌದು. ಈಗ ಕೆಲವು ಹೊಸ ಬೈಕುಗಳು ಕಾರ್ಖಾನೆಯಿಂದಲೇ ಹೀಗೆ ಬರುತ್ತವೆ.

ಆದರೆ ಫಿನ್ ಇರುವುದು ಚೆಂದಕ್ಕಲ್ಲ. ಕೂಸಿಗೆ ಕಾಸಿದ ಹಾಲು ಬೇಗ ಆರಬೇಕಾದರೆ ನಾವೇನು ಮಾಡುತ್ತೇವೆ? ಅಗಲವಾದ ತಟ್ಟೆಗೆ ಹೊಯ್ಯುತ್ತೇವೆ. ಗಾಳಿ ಸೋಕುವ ಜಾಗ ಹೆಚ್ಚಿದಷ್ಟೂ ಬೇಗ ಆರುತ್ತದೆ. ಎಂಜಿನ್ನಿನ ಕಾವೂ ಹೀಗೇ ಫಿನ್ನುಗಳ ಮೈಯಿಂದ ಗಾಳಿಗೆ ಹೋಗಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕುವ ತನಕ ತಯಾರಿಸಿದ ಜಾವಾ, ಯೆಜ್ಡಿಗಳಿಗೆ ಇದೊಂದೇ ದಾರಿ. 2018ರಲ್ಲಿ ಅದೇ ಹೆಸರಿನಿಂದ ಮತ್ತೆ ಬಂದ ಜಾವಾ ಬೇರೆ. ಅದನ್ನು ತಣಿಸಲು ರೇಡಿಯೇಟರ್ ಇದೆ, ಹಳೆಯ ರೂಪ ಇರಲಿ ಎಂದು ಫಿನ್ ಉಳಿಸಿದ್ದಾರೆ. ಹಾಗಾಗಿ ರೇಡಿಯೇಟರ್ ಇಲ್ಲದ ಬೈಕಾದರೆ ಎರಡು ಸಲ ಯೋಚಿಸಿ ಅರ ಹಿಡಿಯಬೇಕು.

ತಮ್ಮ ಮೊದಲ ಸಲ ಮಾಡಿದ್ದೇನು ಗೊತ್ತೆ? ಗೇಟಿಗೆ ಬಳಿದು ಮಿಕ್ಕಿದ ಕೆಂಪು ಎನಾಮಲ್ ಬಣ್ಣವನ್ನು ಫಿನ್ನುಗಳಿಗೆ ಮೂರು ಸಲ ದಪ್ಪಗೆ ಬಳಿದ. ಅಷ್ಟು ಸಾಲದೆ, ಅಲೆ ಅಲೆಯಾಗಿ ಕಾಣಲಿ ಎಂದು ಗ್ರೈಂಡರ್ ಹಿಡಿದು ಅಲ್ಲಲ್ಲಿ ಅರ್ಧಕ್ಕರ್ಧ ಕತ್ತರಿಸಿದ. “ಹೆಂಗೈತೆ ಅಕ್ಕಾ?” ಅಂದಾಗ “ಬಾಳ ಚೆನ್ನಾಗೈತೆ ಕಣೋ” ಅಂದವಳು ನಾನೇ. ತಪ್ಪಿನಲ್ಲಿ ನನಗೂ ಪಾಲುಂಟು.

2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದಿತ್ತಲ್ಲ. ಚಿತ್ರದುರ್ಗ, ಹೊಸದುರ್ಗ, ಎಲ್ಲ ಕಡೆಯ ಜನ ಮಾರಿಕಣಿವೆಯ ದಾರಿ ಹಿಡಿದಿದ್ದರು. ತಮ್ಮನೂ ನಮ್ಮ ಮನೆಗೆ ಬಂದು, ಚಿತ್ರದುರ್ಗದಿಂದ ಹೊರಟ. ಹಿಂದೆ ಅವನ ಹೆಂಡತಿ, ಅವಳ ತೊಡೆಯ ಮೇಲೆ ಒಂದೂವರೆ ವರ್ಷದ ಕೂಸು. ಹಿರಿಯೂರಿನ ತನಕ ಹೆದ್ದಾರಿಯಲ್ಲಿ ಜೋರಾಗಿಯೇ ಹೋದರು. ಆಮೇಲೆ ಅಣೆಕಟ್ಟಿನ ದಾರಿಯಲ್ಲಿ ಗಾಡಿಗಳೆಲ್ಲ ಇರುವೆ ಸಾಲು. ಬೈಕು ತೆವಳಿದರೆ ಫಿನ್ನಿಗೆ ಗಾಳಿ ಎಲ್ಲಿಂದ ಬರಬೇಕು? ಇದ್ದ ಫಿನ್ನೂ ಅರ್ಧ, ಅದರ ಮೇಲೆ ಬಣ್ಣದ ಕಂಬಳಿ. ಪಿಸ್ಟನ್ ಕಾವಿಗೆ ಉಬ್ಬಿ ಸಿಲಿಂಡರಿನಲ್ಲಿ ಕಚ್ಚಿಕೊಂಡಿತು. ಹಿಂದಿನ ಚಕ್ರ ತಟ್ಟನೆ ನಿಂತೇ ಹೋಯಿತು. ನಡಿಗೆಯ ವೇಗವಾದ್ದರಿಂದ ತಮ್ಮ ಕಾಲೂರಿ ಸಂಭಾಳಿಸಿದ. ಅದೇ ಒಂದು ಗಂಟೆ ಮುಂಚೆ, ಹೆದ್ದಾರಿಯಲ್ಲಿ, ಹಿಂದೆ ಲಾರಿ ಬರುತ್ತಿದ್ದಾಗ ಆಗಿದ್ದರೆ? ಆ ರಾತ್ರಿ ಅವಳು ಉಣ್ಣಲಿಲ್ಲ, ಮಗುವನ್ನು ತೊಡೆಯಿಂದ ಇಳಿಸಲೂ ಇಲ್ಲ.

(ಹೀಗೆ ಕಚ್ಚಿಕೊಂಡ ಕೂಡಲೇ ಕ್ಲಚ್ ಹಿಡಿದರೆ ಚಕ್ರ ಬಿಡುತ್ತದೆ. ಬೈಕು ಓಡಿಸುವವರಿಗೆ ಇದನ್ನು ನೀವೇ ಒಮ್ಮೆ ನೆನಪಿಸಿ.)

ಗುಜರಿಯಲ್ಲಿ ಬೇರೆ ಸಿಲಿಂಡರ್ ಹುಡುಕಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸುವಷ್ಟರಲ್ಲಿ ಓಲೆಯ ದುಡ್ಡು ಮುಗಿದಿತ್ತು. ಇಷ್ಟಾದರೂ ಅಲಂಕಾರದ ಹುಚ್ಚು ಬಿಡಲಿಲ್ಲ ನೋಡಿ! ಸರಿ, ಈ ಸಲ ನಮ್ಮ ಹಿತ್ತಿಲಲ್ಲೇ ಮಾಡು, ನಾನೂ ಪಕ್ಕದಲ್ಲಿರುತ್ತೇನೆ ಅಂದೆ.

ಮೊದಲು ಕೊಳೆ ತೆಗೆಸಿದೆ. ಫಿನ್ನುಗಳ ನಡುವೆ ಎಣ್ಣೆ, ಮಣ್ಣು ಸೇರಿ ಹೆಪ್ಪುಗಟ್ಟಿದರೆ ಅದೂ ಕಂಬಳಿಯೇ. ಎಂಜಿನ್ ಪೂರ್ತಿ ಆರಿದ ಮೇಲೆ, ಒಲೆಯಿಂದ ದೂರದಲ್ಲಿ, ಸೀಮೆಎಣ್ಣೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ತಮ್ಮ ಕಾಸ್ಟಿಕ್ ಸೋಡಾ ತಂದಿದ್ದ, ಕಸಿದಿಟ್ಟೆ. ಮೇಲಿನ ಹೆಡ್ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಿದರೆ ಕರ್ರಗಾಗುವುದು ನಮಗೆ ಗೊತ್ತಿಲ್ಲವೆ? ಕಾಸ್ಟಿಕ್ ಅಂತೂ ಲೋಹವನ್ನೇ ತಿನ್ನುತ್ತದೆ. ಕೆಳಗಿನ ಸಿಲಿಂಡರ್ ಎರಕದ ಕಬ್ಬಿಣ, ನಮ್ಮ ರೊಟ್ಟಿ ಹಂಚಿನ ಜಾತಿ. ಒದ್ದೆ ಬಿಟ್ಟರೆ ತುಕ್ಕು, ಜೋರು ಮಾಡಿದರೆ ಫಿನ್ ಲಟಕ್ಕನೆ ಮುರಿಯುತ್ತದೆ. ಆದ್ದರಿಂದ ಗ್ರೈಂಡರ್ ಬೇಡ, ಕೈ ಅರವೇ ಸರಿ.

ಬಣ್ಣ ಕಾವು ತಡೆಯುವಂಥ ಕಪ್ಪು, ಅದೂ ತೆಳ್ಳಗೆ. ಒಣಗಿದ ಮೇಲೆ ಹೊರಗಿನ ಅಂಚನ್ನಷ್ಟೇ, ಬಣ್ಣ ಹೋಗಿ ಲೋಹ ಕಾಣುವವರೆಗೆ ಹಗುರವಾಗಿ ಸವರಬೇಕು. ಅಲ್ಯೂಮಿನಿಯಂ ಪುಡಿ ಅರದ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಅರಕ್ಕೆ ಮುಂಚೆಯೇ ಸೀಮೆಸುಣ್ಣ ತಿಕ್ಕಿದರೆ ಮೆತ್ತುವುದಿಲ್ಲ. ಆಮೇಲೆ 220, 400, 800 ನಂಬರಿನ ಎಮರಿ ಕಾಗದ ಒಂದಾದ ಮೇಲೊಂದು, ಕೊನೆಗೆ ಬ್ರಾಸೊ. ಕಬ್ಬಿಣದ ಅಂಚಿಗೆ ಆಗಾಗ ಎಣ್ಣೆ ಬಟ್ಟೆ ಸವರುತ್ತಿರಬೇಕು. ಎಂಜಿನ್ ಬಿಚ್ಚದೆ ಮಾಡುವವರು ಪ್ಲಗ್ ತೆಗೆಯಬಾರದು. ಪುಡಿ ಒಳಗೆ ಬಿದ್ದರೆ ಸಿಲಿಂಡರಿಗೆ ಗೀರು. ಕಣ್ಣಿಗೆ ಕನ್ನಡಕ ಬೇಕು. ಅಂಬೆಗಾಲಿನ ಮಕ್ಕಳು ಆಡುವ ಜಾಗವಾದರೆ ಬೇಡವೇ ಬೇಡ. ಪುಡಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಆ ಬಟ್ಟೆ ಮತ್ತೆ ಅಡುಗೆಮನೆಗೆ ಬರಕೂಡದು.

ಮೂರು ಭಾನುವಾರ ಹಿಡಿಯಿತು. ಆಯುಧಪೂಜೆಗೆ ಬೈಕು ನಿಲ್ಲಿಸಿದಾಗ ತಮ್ಮ ಚೆಂಡುಹೂವಿನ ಹಾರವನ್ನು ಎಂಜಿನ್ನಿಗೇ ಸುತ್ತಲು ಹೋದ. “ಅಲ್ಲಲ್ಲ ರೀ, ಮೇಲೆ ಹ್ಯಾಂಡಲ್ಲಿಗೆ ಹಾಕ್ರಿ, ಅದಕ್ಕೆ ಗಾಳಿ ಬೇಕು” ಎಂದಳು ಅವನ ಹೆಂಡತಿ. ಅವಳ ಕಿವಿಯಲ್ಲಿ ಹೊಸ ಓಲೆ ಇತ್ತು.