ಚೆರೋಕಿ ನಾಯಕನ ಮನೆ

ಅಮೆರಿಕದ ಮೂಲನಿವಾಸಿಗಳೆಂದೊಡನೆ ನಮ್ಮವರಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವುದು ತೊಗಲಿನ ಗುಡಾರ, ತಲೆಗೆ ಗರಿ, ಕೈಯಲ್ಲಿ ಬಿಲ್ಲು. ಜಾರ್ಜಿಯಾ ಸಂಸ್ಥಾನದ ಸ್ಪ್ರಿಂಗ್ ಪ್ಲೇಸಿನಲ್ಲಿ ದಿಬ್ಬದ ಮೇಲೆ ನಿಂತಿರುವ ಎರಡಂತಸ್ತಿನ ಇಟ್ಟಿಗೆಯ ಸೌಧವನ್ನು ಕಂಡವರಿಗೆ ಆ ಚಿತ್ರವು ಉಳಿಯಲಾರದು. ಜೇಮ್ಸ್ ವ್ಯಾನ್ ಎಂಬ ಚೆರೋಕಿ ನಾಯಕನು 1804ರ ಸುಮಾರಿಗೆ ಇದನ್ನು ಕಟ್ಟಿಸಿದನು. ಆ ಜನಾಂಗವನ್ನು ಕುರಿತು ಕಾದಂಬರಿಯೊಂದನ್ನು ಬರೆಯಬೇಕೆಂಬ ಸಂಕಲ್ಪದಿಂದ ನಾವು ಅಲ್ಲಿಗೆ ಹೋಗಿದ್ದೆವು. ಗ್ರಂಥಗಳಲ್ಲಿ ಇಸವಿಗಳು ದೊರೆಯುತ್ತವೆ. ಒಲೆಯು ಯಾವ ಗೋಡೆಗಿದೆ, ಉಪ್ಪರಿಗೆಯಲ್ಲಿ ಮಲಗಿದವರಿಗೆ ಕೆಳಗಿನ ಮಾತು ಕೇಳಿಸೀತೇ ಎಂಬುದನ್ನು ಮನೆಯೇ ಹೇಳಬೇಕು.

ಒಳಗೆ ನೀಲಿ, ಕೆಂಪು, ಹಸುರು, ಹಳದಿ ಬಣ್ಣಗಳು ಎದ್ದು ಕಾಣುತ್ತವೆ. ಇವು ಆಕಾಶ, ಮಣ್ಣು, ಎಲೆ, ಮಾಗಿದ ಪೈರುಗಳ ಗುರುತೆಂದು ಹೇಳುವರು. ಎಲ್ಲಕ್ಕಿಂತ ಸೋಜಿಗವಾದುದು ಮೆಟ್ಟಲ ಸಾಲು. ಕೆಳಗೆ ಕಂಬದ ಆಸರೆಯಿಲ್ಲದೆ ಗೋಡೆಯಿಂದ ಹೊರಚಾಚಿ ಗಾಳಿಯಲ್ಲಿ ತೇಲುವಂತೆ ಅದು ಮೇಲೇರುತ್ತದೆ.

ವ್ಯಾನನು ವ್ಯಾಪಾರಿ, ಹೆದ್ದಾರಿಯ ಬದಿಯಲ್ಲಿ ಅಂಗಡಿ, ಹೊಳೆಗೆ ದೋಣಿ, ಪಯಣಿಗರಿಗೆ ವಸತಿಗೃಹ ಎಲ್ಲವೂ ಅವನವೇ ಆಗಿದ್ದುವು. ಮೊರೇವಿಯನ್ ಪಾದ್ರಿಗಳನ್ನು ಕರೆತಂದು ನೆರೆಯಲ್ಲಿ ಪಾಠಶಾಲೆಗೆ ನೆರವಾದವನೂ ಅವನೇ. ಕುಡಿದಾಗ ಕ್ರೂರಿಯಾಗುತ್ತಿದ್ದವನೂ ಅವನೇ. 1809ರ ಫೆಬ್ರವರಿಯಲ್ಲಿ ಹೆಂಡದಂಗಡಿಯೊಂದರಲ್ಲಿ ಗುಂಡಿಗೆ ಬಲಿಯಾದನು. ಆಸ್ತಿಯು ಮಗ ಜೋಸೆಫನ ಕೈಸೇರಿ ಇಮ್ಮಡಿಯಾಯಿತು. 1819ರಲ್ಲಿ ರಾಷ್ಟ್ರಾಧ್ಯಕ್ಷ ಮನ್ರೋ ಒಂದು ರಾತ್ರಿ ಇಲ್ಲಿಯೇ ತಂಗಿದ್ದನು.

ಇಷ್ಟಾದರೂ ಮನೆಯು ಉಳಿಯಲಿಲ್ಲ. ಜಾರ್ಜಿಯಾ ಸರಕಾರವು ಚೆರೋಕಿಗಳ ನೆಲವನ್ನು 1832ರಲ್ಲಿ ಲಾಟರಿಯ ಚೀಟಿಯೆತ್ತಿ ಬಿಳಿಯರಿಗೆ ಹಂಚಿತು. ಜೋಸೆಫನು ಬಿಳಿಯ ಮೇಸ್ತ್ರಿಯೊಬ್ಬನನ್ನು ಕೆಲಸಕ್ಕಿಟ್ಟುಕೊಂಡದ್ದು ಹೊಸ ಕಾನೂನಿಗೆ ವಿರುದ್ಧವೆಂಬ ನೆವದಿಂದ 1835ರಲ್ಲಿ ಅವನ ಕುಟುಂಬವನ್ನು ಹೊರಗಟ್ಟಿದರು. ಮನೆಯ ಮೇಲೆ ಕಣ್ಣಿಟ್ಟಿದ್ದ ಬಿಳಿಯರು ತಮ್ಮತಮ್ಮೊಳಗೇ ಕಾದಾಡಿ, ಉರಿಯುವ ಕೊರಡೊಂದನ್ನು ಆ ಚೆಲುವಾದ ಮೆಟ್ಟಲುಗಳ ಮೇಲೆಸೆದರಂತೆ. ಸೋಪಾನವು ಹೇಗೋ ಉಳಿಯಿತು.

ಅದೇ ವರುಷದ ನವೆಂಬರಿನಲ್ಲಿ ನಡೆದ ಸಂಗತಿಯನ್ನು ಕಾದಂಬರಿಕಾರನು ಕಲ್ಪಿಸಿ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ‘ಹೋಮ್, ಸ್ವೀಟ್ ಹೋಮ್’ ಎಂಬ ಮನೆಯ ಹಾಡನ್ನು ಬರೆದು ಲೋಕಪ್ರಸಿದ್ಧನಾಗಿದ್ದ ಜಾನ್ ಹೊವರ್ಡ್ ಪೇನನು ಚೆರೋಕಿಗಳ ಇತಿಹಾಸಕ್ಕೆ ಸಾಮಗ್ರಿ ಕೂಡಿಸಲೆಂದು ಅವರ ಮುಖ್ಯನಾದ ಜಾನ್ ರಾಸನ ಮನೆಗೆ ಬಂದಿದ್ದನು. ಜಾರ್ಜಿಯಾದ ಸೈನಿಕರು ಟೆನೆಸ್ಸೀ ಗಡಿಯನ್ನು ದಾಟಿ ಇಬ್ಬರನ್ನೂ ಹಿಡಿದುತಂದು, ವ್ಯಾನರ ಹಿತ್ತಿಲ ಮರದ ಗುಡಿಸಲಿನಲ್ಲಿ ಸೆರೆಯಿಟ್ಟರು. ಒಡೆಯನನ್ನೇ ಹೊರಡಿಸಿದ ಮನೆಯ ಅಂಗಳದಲ್ಲಿ ಮನೆಯ ಹಾಡಿನ ಕವಿಗೆ ಬಂಧನ! ಮೂರು ವರುಷಗಳ ತರುವಾಯ ಇಡೀ ಜನಾಂಗವನ್ನು ಪಡುವಣಕ್ಕೆ ಸಾಗಿಸಿದಾಗ ಸುಮಾರು 4,000 ಮಂದಿ ಮಡಿದರೆಂದು ಅಂದಾಜು.

ಇಷ್ಟನ್ನೇ ಬರೆದರೆ ಓದುವವರ ಕಣ್ಣೀರು ಸುಲಭವಾಗಿ ದೊರೆಯುವುದು. ಆದರೆ ಈ ಇಟ್ಟಿಗೆಗಳಿಗೆ ಮಣ್ಣು ಕಲಸಿದವರಾರು? 1835ರ ಜನಗಣತಿಯ ಪ್ರಕಾರ ಜೋಸೆಫನ ಬಳಿ 110 ಮಂದಿ ನೀಗ್ರೋ ಗುಲಾಮರಿದ್ದರು. ಮನೆ ಕಳೆದುಕೊಂಡವನೆಂದು ನಾವು ಮರುಗುತ್ತಿದ್ದ ಜೋಸೆಫನು ನೂರು ಜನರಿಗೆ ಮನೆಯೆಂಬುದೇ ಇಲ್ಲದಂತೆ ಮಾಡಿದ್ದವನು. ಅವರ ಬಾಳು ಅಲ್ಪಸ್ವಲ್ಪ ತಿಳಿಯುವುದು ಆ ಪಾದ್ರಿಗಳು ಜರ್ಮನ್ ಭಾಷೆಯಲ್ಲಿ ಬರೆದಿಟ್ಟ ದಿನಚರಿಯಿಂದ. ಆ ಪಾದ್ರಿಗಳ ಬಳಿಯೂ ಪ್ಲೆಸೆಂಟ್ ಎಂಬ ದಾಸಿಯಿದ್ದಳೆಂಬುದನ್ನು ಮರೆಯಲಾಗದು. ಟೈಯಾ ಮೈಲ್ಸ್ ಎಂಬ ಇತಿಹಾಸಜ್ಞೆಯು ಈ ತೋಟದ ಚರಿತ್ರೆಯನ್ನು 2010ರಲ್ಲಿ ಗ್ರಂಥವಾಗಿಸಿ, ಅಷ್ಟಕ್ಕೆ ತೃಪ್ತಿಯಾಗದೆ 2015ರಲ್ಲಿ ‘ದಿ ಚೆರೋಕಿ ರೋಸ್’ ಎಂಬ ಕಾದಂಬರಿಯನ್ನೂ ಬರೆದಿರುವಳು. ದಾಖಲೆಗಳು ಮೌನವಾಗುವೆಡೆಯಲ್ಲಿ ಕಥೆಗೆ ಕೆಲಸವಿದೆಯೆಂದು ನಮಗೂ ತೋರಿತು.

ಜೋಸೆಫನು ಪಡುವಣದ ವೆಬ್ಬರ್ಸ್ ಫಾಲ್ಸಿನಲ್ಲಿ ಇದೇ ಮಾದರಿಯ ಮನೆಯನ್ನು ಮತ್ತೆ ಕಟ್ಟಿಸಿದನು. 1842ರಲ್ಲಿ ಆ ಊರಿನ ಗುಲಾಮರು ಮಲಗಿದ್ದ ಒಡೆಯರನ್ನೂ ಮೇಸ್ತ್ರಿಗಳನ್ನೂ ಮನೆಗಳೊಳಗೇ ಕೂಡಿಹಾಕಿ, ಮೆಕ್ಸಿಕೋವಿನ ಕಡೆಗೆ ಓಡಿಹೋದರು. ಚೆರೋಕಿ ದಳವು ಬೆನ್ನಟ್ಟಿ ಹಿಡಿದುತಂದಿತು. 1844ರಲ್ಲಿ ತನ್ನ ಹಡಗು ‘ಲೂಸಿ ವಾಕರ್’ ಓಹೈಯೋ ನದಿಯಲ್ಲಿ ಸಿಡಿದಾಗ ಜೋಸೆಫನು ಸತ್ತನು. ಹೊಸ ಮನೆಯು ಅಂತರ್ಯುದ್ಧದಲ್ಲಿ ನಾಶವಾಯಿತು. ಹಳೆಯದನ್ನು 1952ರಿಂದ ದುರಸ್ತಿ ಮಾಡಿಸಿ 1958ರಲ್ಲಿ ಜನರಿಗೆ ತೆರೆದರು.

ನಮ್ಮ ಮೊದಲ ಅಧ್ಯಾಯವು ಪಡಸಾಲೆಯಲ್ಲಿ ಆರಂಭವಾಗಬೇಕೆಂದಿದ್ದಿತು. ಈಗ ಅದನ್ನು ಇಟ್ಟಿಗೆಯ ಗೂಡಿನ ಬಳಿಗೆ ಒಯ್ದಿದ್ದೇವೆ.