ಪಂಪಿನ ಸ್ಟಾರ್ಟರಿನ ದೋಷಗಳೂ ಅವುಗಳ ಪರಿಹಾರವೂ

ವಿದ್ಯುತ್ ಪಂಪುಗಳನ್ನು ಇಟ್ಟುಕೊಂಡಿರುವ ಜಮೀನುದಾರರು ಬೇಸಗೆಯಲ್ಲಿ ಹೇಳುವ ದೂರು ಸಾಮಾನ್ಯವಾಗಿ ಒಂದೇ: ಸ್ಟಾರ್ಟರು ಹಿಡಿದು ನಿಲ್ಲುವುದಿಲ್ಲವೆಂಬುದು. ಆಗ ಕೆಲವರು ಗುಂಡಿಗೆ ಕಡ್ಡಿ ಸಿಕ್ಕಿಸಿಯೋ, ರಿಲೇಯನ್ನು ತಪ್ಪಿಸಿ ತಂತಿ ಕಟ್ಟಿಯೋ ಪಂಪನ್ನು ನಡೆಸುವುದುಂಟು. ಇದರಿಂದ ಆ ದಿನ ನೀರು ದೊರೆತರೂ, ಮೋಟಾರು ಸುಟ್ಟುಹೋಗಿ ಪೈರು ಒಣಗುವ ಸಂಭವವಿದೆ. ಕಡ್ಡಿ ಸಿಕ್ಕಿಸಿದ್ದರೆ, ನಿಂತ ಕರೆಂಟು ಬಂದೊಡನೆ ಪಂಪು ತಾನಾಗಿಯೇ ಹೊರಟು, ಅದರ ಬಳಿ ಕೆಲಸ ಮಾಡುತ್ತಿರುವವರಿಗೆ ಅಪಾಯವಾದೀತು. ಆದಕಾರಣ ಸ್ಟಾರ್ಟರಿನ ಎರಡು ಮುಖ್ಯ ಭಾಗಗಳ ಕೆಲಸವನ್ನು ತಿಳಿದಿರುವುದು ಆವಶ್ಯಕ.

ಮೊದಲನೆಯದು ಕಾಂಟ್ಯಾಕ್ಟರು. ಇದರ ಸುರುಳಿಯು ಕರೆಂಟು ಹರಿದಾಗ ಅಯಸ್ಕಾಂತವಾಗಿ, ಮೂರು ಫೇಸುಗಳ ಬಿಲ್ಲೆಗಳನ್ನು ಕೂಡಿಸಿ ಹಿಡಿಯುತ್ತದೆ. ಕರೆಂಟು ಹೋದರೆ ಸ್ಪ್ರಿಂಗು ಅವುಗಳನ್ನು ಬಿಡಿಸುತ್ತದೆ. ಎರಡನೆಯದು ಓವರ್‌ಲೋಡ್ ರಿಲೇ. ಮೋಟಾರು ಮಿತಿಮೀರಿ ಕರೆಂಟನ್ನು ಎಳೆದರೆ, ಇದರೊಳಗಿನ ಜೋಡಿಲೋಹದ ಪಟ್ಟಿಗಳು ಕಾದು ಬಾಗಿ ಸುರುಳಿಯ ಕರೆಂಟನ್ನು ಕಡಿಯುತ್ತವೆ.

ದೋಷವನ್ನು ಈ ಕೆಳಗಿನ ಚಿಹ್ನೆಗಳಿಂದ ಗುರುತಿಸಬಹುದು.

1. ಗುಂಡಿ ಒತ್ತಿದರೂ ಹಿಡಿಯದಿದ್ದರೆ: ಫ್ಯೂಸು ಹೋಗಿರಬಹುದು, ರಿಲೇ ಬಿಟ್ಟುಕೊಂಡಿರಬಹುದು, ಇಲ್ಲವೆ ಸುರುಳಿ ಸುಟ್ಟಿರಬಹುದು.

2. ಗಡಗಡನೆ ಸದ್ದಾದರೆ: ವೋಲ್ಟೇಜು ಕಡಮೆಯಾಗಿರಬಹುದು. ಸಾಮಾನ್ಯವಾದ 415 ವೋಲ್ಟಿನ ಸುರುಳಿಗೆ ಸುಮಾರು 350 ವೋಲ್ಟಾದರೂ ಬೇಕು. ಅಯಸ್ಕಾಂತದ ಮುಖದಲ್ಲಿ ಧೂಳೋ ಇರುವೆಗಳೋ ಸೇರಿದ್ದರೂ ಹೀಗಾಗುವುದು. ಒಣಬಟ್ಟೆಯಿಂದ ಒರೆಸಬೇಕು, ಎಣ್ಣೆ ಹಚ್ಚಬಾರದು.

3. ಸ್ವಲ್ಪ ಹೊತ್ತು ನಡೆದು ನಿಂತರೆ: ಇದು ರಿಲೇ ಕೊಡುವ ಎಚ್ಚರಿಕೆ. ಒಂದು ಫೇಸು ತಪ್ಪಿರುವುದೋ, ಬೇರಿಂಗು ಬಿಗಿದಿರುವುದೋ ನೋಡಬೇಕು. ರಿಲೇ ಆರಿದ ಮೇಲೆಯೇ ಪುನಃ ಒತ್ತತಕ್ಕದ್ದು. ನೇರ ಸ್ಟಾರ್ಟರಿನಲ್ಲಿ ರಿಲೇಯನ್ನು ಮೋಟಾರಿನ ಫಲಕದಲ್ಲಿ ಬರೆದಿರುವ ಆಂಪಿಯರಿಗೆ ಸರಿಯಾಗಿ ಇಡಬೇಕು. ಬಿಡುತ್ತದೆಂದು ಅದಕ್ಕೂ ಮೇಲೆ ಏರಿಸಕೂಡದು.

4. ಕೆಂಪು ಗುಂಡಿಗೂ ನಿಲ್ಲದಿದ್ದರೆ: ಬಿಲ್ಲೆಗಳು ಬೆಸೆದುಕೊಂಡಿರಬಹುದು. ಕೂಡಲೆ ಮೇನ್ ಸ್ವಿಚ್ಚನ್ನು ತೆಗೆದು, ಬಿಲ್ಲೆಗಳನ್ನು ಬದಲಾಯಿಸಬೇಕು.

ಬೆಳ್ಳಿ ಬೆರೆತ ಬಿಲ್ಲೆಗಳು ಕಪ್ಪಾದ ಮಾತ್ರಕ್ಕೆ ಕೆಟ್ಟುವೆಂದು ಎಣಿಸಬಾರದು. ಉಪ್ಪುಕಾಗದದಿಂದ ತಿಕ್ಕಿದರೆ ಬೆಳ್ಳಿಯೇ ಸವೆದುಹೋಗುವುದು. ಮೇನ್ ಸ್ವಿಚ್ಚನ್ನು ತೆಗೆದು ಫ್ಯೂಸುಗಳನ್ನು ಕಳಚದೆ ಪೆಟ್ಟಿಗೆಯನ್ನು ಯಾರೂ ಮುಟ್ಟಲಾಗದು. ಒಳಗಿನ ದುರಸ್ತಿಯನ್ನು ತಿಳಿದ ಮೆಕ್ಯಾನಿಕ್ಕನಿಂದಲೇ ಮಾಡಿಸಬೇಕು. ರಿಲೇಯ ಬೆಲೆ ಮೋಟಾರಿನ ಬೆಲೆಯ ಮುಂದೆ ಅಲ್ಪವೆಂಬುದನ್ನು ಗ್ರಾಮದ ಮುಖಂಡರು ನೆರೆಹೊರೆಯ ರೈತರಿಗೂ ತಿಳಿಸಿ, ಕಡ್ಡಿ ಸಿಕ್ಕಿಸುವ ಅಭ್ಯಾಸವನ್ನು ಬಿಡಿಸುವುದು ಮೇಲು.