ಇಳಿದದ್ದೆಷ್ಟು, ಉಳಿದದ್ದೆಷ್ಟು

ಸೋಲಾಪುರ ಬಿಟ್ಟು ವಿಜಯಪುರದ ದಿಕ್ಕಿಗೆ ಹೊರಟರೆ ಮಂದ್ರೂಪದ ಸುತ್ತಲೂ ಎರೆಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣು ತನ್ನ ಬೆನ್ನ ಮೇಲಿನ ಡಾಂಬರನ್ನೂ ನೆಟ್ಟಗಿರಗೊಡುವುದಿಲ್ಲ. ಹೆದ್ದಾರಿ ನುಣುಪಾಗಿದ್ದರೂ ಹಳ್ಳಿಯ ಅಡ್ಡರಸ್ತೆಗೆ ತಿರುಗಿದೊಡನೆ ಅಲೆ, ಕುಳಿ, ಕಬ್ಬಿನ ಟ್ರೇಲರು ಕೊರೆದ ಜಾಡು ಎದುರಾಗುತ್ತವೆ. ಇಂಥ ನೆಲದಲ್ಲಿ ಹಳೆಯ ಸ್ಪೋರ್ಟ್ಸ್ ಕಾರಿಗೆ ಗಿಡ್ಡ ಸ್ಪ್ರಿಂಗ್ ಹಾಕಿಸಿ ತಗ್ಗಿಸುವ ಆಸೆ ಹುಚ್ಚು ಎನಿಸಬಹುದು. ಆಸೆಯಲ್ಲಿ ತಪ್ಪಿಲ್ಲ, ತಪ್ಪಿರುವುದು ಅಂಗಡಿಯಲ್ಲಿ ಕೇಳುವ ಪ್ರಶ್ನೆಯಲ್ಲಿ. ಕಾರು ಎಷ್ಟು ಇಳಿಯುತ್ತದೆ ಎಂದು ಎಲ್ಲರೂ ವಿಚಾರಿಸುತ್ತಾರೆ. ಇಳಿದ ಮೇಲೆ ಚಕ್ರಕ್ಕೆ ಮೇಲೇಳಲು ಎಷ್ಟು ಜಾಗ ಉಳಿಯುತ್ತದೆ ಎಂದು ಕೇಳುವವರು ಕಡಿಮೆ. ಸ್ಪ್ರಿಂಗಿನ ಆಯ್ಕೆ ನಿಂತಿರುವುದು ಈ ಎರಡನೆಯ ಪ್ರಶ್ನೆಯ ಮೇಲೆ.

ಒಂದು ಲೆಕ್ಕ ಹಾಕೋಣ. ಚಕ್ರ ಮೇಲೇರಿ ರಬ್ಬರಿನ ತಡೆಗೆ ಬಡಿಯುವ ಮುನ್ನ 80 ಮಿಲಿಮೀಟರ್ ಜಾಗವಿದೆ ಎಂದಿಟ್ಟುಕೊಳ್ಳಿ. ಕಾರನ್ನು 30 ಮಿಮೀ ಇಳಿಸಿದರೆ ಉಳಿಯುವುದು 50. ಸ್ಪ್ರಿಂಗು ನುಂಗುವ ಹೊಡೆತ ಅದು ಕುಗ್ಗಿದ ದೂರದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದೇ ಕುಳಿಯ ಅದೇ ಹೊಡೆತವನ್ನು ಈ 50 ಮಿಮೀಯೊಳಗೆ ತಡೆಯಲು ಸ್ಪ್ರಿಂಗು ಹೆಚ್ಚುಕಡಿಮೆ ಎರಡೂವರೆ ಪಟ್ಟು ಬಿಗಿಯಾಗಿರಬೇಕು. 15 ಮಿಮೀ ಮಾತ್ರ ಇಳಿಸಿದರೆ ಒಂದೂವರೆ ಪಟ್ಟು ಸಾಕು. ಇಳಿತ ಇಮ್ಮಡಿಯಾದರೆ ಹೆಚ್ಚುವರಿ ಬಿಗಿ ಮುಮ್ಮಡಿಯಾಯಿತು. ಬಿಗಿ ಏರಿದಂತೆ ಶಾಕ್ ಅಬ್ಸಾರ್ಬರ್ ಕೂಡ ಬಲವಾಗಬೇಕು. ಎಣ್ಣೆ ಸೋರುವ ಹಳೆಯ ಶಾಕ್‌ನ ಮೇಲೆ ಬಿಗಿ ಸ್ಪ್ರಿಂಗ್ ಕೂರಿಸಿದರೆ ಕಾರು ಕುಪ್ಪಳಿಸುತ್ತದೆ, ಚಕ್ರ ನೆಲ ಬಿಡುತ್ತದೆ. ನೆಲ ಬಿಟ್ಟ ಚಕ್ರಕ್ಕೆ ತಿರುವೂ ಇಲ್ಲ, ಬ್ರೇಕೂ ಇಲ್ಲ.

ಹಾಗಾದರೆ ರೇಸ್ ಕಾರುಗಳೇಕೆ ನೆಲಕ್ಕಂಟಿಕೊಂಡಿರುತ್ತವೆ? ತಗ್ಗಿದರೆ ಲಾಭವುಂಟು ಎಂಬುದು ನಿಜ. ಕಾರಿನ ಭಾರಕೇಂದ್ರ ನೆಲದಿಂದ 50 ಸೆಂಟಿಮೀಟರ್ ಎತ್ತರದಲ್ಲಿದ್ದು ಅದನ್ನು 3 ಸೆಂಮೀ ಇಳಿಸಿದರೆ, ತಿರುವಿನಲ್ಲಿ ಒಳಗಾಲಿಯಿಂದ ಹೊರಗಾಲಿಗೆ ದಾಟುವ ಭಾರ ಶೇ. 6ರಷ್ಟು ತಗ್ಗುತ್ತದೆ. ಕನ್ನಡಿಯಂಥ ಟ್ರ್ಯಾಕಿನಲ್ಲಿ ಅದು ದೊಡ್ಡ ಗಳಿಕೆ. ಆದರೆ ಕಲ್ಲುಮಣ್ಣಿನ ಹಾದಿಯಲ್ಲಿ ಓಡುವ ರ‍್ಯಾಲಿ ಕಾರನ್ನು ನೋಡಿ: ಅದೂ ಪಂದ್ಯದ ಕಾರೇ, ನಿಲ್ಲುವುದು ಮಾತ್ರ ಎತ್ತರದಲ್ಲಿ. ಎತ್ತರವನ್ನು ನಿರ್ಧರಿಸುವುದು ರಸ್ತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಹಂಪು 3.7 ಮೀಟರ್ ಅಗಲ, 10 ಸೆಂಮೀ ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಚಕ್ರಗಳ ನಡುವೆ ಎರಡೂವರೆ ಮೀಟರ್ ಇರುವ ಕಾರು ಅದರ ನೆತ್ತಿಯ ಮೇಲೆ ನಿಂತರೆ ಹೊಟ್ಟೆಯಡಿ ಏಳುವುದು ಐದು ಸೆಂಮೀಗಿಂತ ಕಡಿಮೆ. ಊರವರು ಸಿಮೆಂಟಿನಲ್ಲಿ ಕಟ್ಟಿದ ಮೊಂಡು ಗತಿರೋಧಕ ಹಾಗಲ್ಲ. ಗಾಲಿಗಳೆರಡೂ ಆಚೀಚೆ ಕೆಳಗಿಳಿದು, ದಿಬ್ಬದ ಪೂರ್ತಿ ಎತ್ತರ ಹೊಟ್ಟೆಗೇ ಬರುತ್ತದೆ. ಕಾರು ತಗ್ಗಿಸುವವನು ಅಳತೆ ಮಾಡಬೇಕಾದ ಹಂಪು ಇದೇ.

ಹಳೆಯ ಕಾರು ಎಂದಾಗ ಇನ್ನೊಂದು ಸಂಗತಿ ಸೇರುತ್ತದೆ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ ತಯಾರಿಸಿದ ಡಾಲ್ಫಿನ್ ನೆನಪಿಸಿಕೊಳ್ಳಿ. ಬ್ರಿಟನ್ನಿನ ರಿಲಯಂಟ್ ಕಿಟನ್ ಆಧರಿಸಿದ, ಫೈಬರ್ ಮೈಯ, 848 ಸಿಸಿ ಎಂಜಿನ್ನಿನ ಈ ಪುಟ್ಟ ಕಾರು ತನ್ನ ಹಗುರದಿಂದಲೇ ರೇಸು, ರ‍್ಯಾಲಿಗಳಲ್ಲಿ ಹೆಸರು ಮಾಡಿತು. ಅದರ ಮುಂದೆ ಸುರುಳಿ ಸ್ಪ್ರಿಂಗ್, ಹಿಂದೆ ಲಾರಿಗಿರುವಂಥ ಪಾಟಾ. ಮುಂದಿನದನ್ನು ಬದಲಿಸಿ ಹಿಂದಿನದನ್ನು ಬಿಟ್ಟರೆ ಕಾರು ಮೂಗು ಬಗ್ಗಿಸಿ ನಿಲ್ಲುತ್ತದೆ. ಹಗುರ ಕಾರಿನಲ್ಲಿ ನಾಲ್ವರು ಕೂತರೆ ತೂಕದ ಲೆಕ್ಕವೇ ಬೇರೆ, ಹಾಗಾಗಿ ಅಳತೆಯನ್ನು ಖಾಲಿ ಕಾರಿನಲ್ಲಿ ತೆಗೆಯುವುದು ವ್ಯರ್ಥ. ಅದಕ್ಕೂ ಮುಖ್ಯವಾಗಿ, ದಶಕಗಳ ಸ್ಪ್ರಿಂಗು ತಾನಾಗಿಯೇ ಕುಸಿದಿರುತ್ತದೆ. ಅದಾಗಲೇ 20 ಮಿಮೀ ಕುಸಿದ ಕಾರಿಗೆ '30 ಮಿಮೀ' ಸ್ಪ್ರಿಂಗ್ ಹಾಕಿದರೆ ಕಣ್ಣಿಗೆ ಕಾಣುವ ಇಳಿತ ಹತ್ತೇ, ಏಕೆಂದರೆ ಆ ಅಂಕಿ ಹೊಸ ಕಾರಿನ ಎತ್ತರದಿಂದ ಎಣಿಸಿದ್ದು.

ಇಷ್ಟೆಲ್ಲ ಖರ್ಚೇಕೆ, ಇದ್ದ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರಾಯಿತು ಎನ್ನುವವರಿದ್ದಾರೆ. ಎಂಟು ಸುತ್ತಿನಲ್ಲಿ ಒಂದು ಹೋದರೆ ಬಿಗಿ ಏರುವುದು ಏಳರಲ್ಲಿ ಒಂದು ಪಾಲು, ಶೇ. 14 ಮಾತ್ರ, ಇಳಿತಕ್ಕೆ ಬೇಕಾದ ಬಿಗಿಯ ಹತ್ತಿರಕ್ಕೂ ಅದು ಬರುವುದಿಲ್ಲ. ತಂತಿಯನ್ನೇ ಶೇ. 10ರಷ್ಟು ದಪ್ಪ ಮಾಡಿದರೆ ಬಿಗಿ ಶೇ. 46 ಏರುತ್ತದೆ. ಆದ್ದರಿಂದಲೇ ಒಳ್ಳೆಯ ಸ್ಪ್ರಿಂಗನ್ನು ಕತ್ತರಿಸಿ ಪಡೆಯಲಾಗದು, ಅದನ್ನು ಹಾಗೆಂದೇ ಸುತ್ತಬೇಕು. ಕತ್ತರಿಸಿದ ತುದಿ ತಟ್ಟೆಯಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಕಾನೂನಿನ ಮಾತೂ ಉಂಟು: ತಯಾರಕರು ನಮೂದಿಸಿದ ವಿವರಗಳಿಂದ ವಾಹನ ದೂರ ಸರಿಯುವಂಥ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧಿಸುತ್ತದೆ. ಹದಿನೈದು ವರ್ಷ ದಾಟಿದ ಕಾರು ನೋಂದಣಿ ನವೀಕರಣಕ್ಕೆ ಹೇಗೂ ತಪಾಸಣೆಗೆ ನಿಲ್ಲಲೇಬೇಕು. ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಜಾಣತನ.

ಹಾಗಾಗಿ ಮಂದ್ರೂಪದಂಥ ನೆಲಕ್ಕೆ ಕ್ರಮ ಹೀಗಿರಲಿ: ಮೊದಲು ಹೊಸ ಶಾಕ್, ಹೊಸ ಬುಷ್, ಮೂಲ ಎತ್ತರದ ಹೊಸ ಸ್ಪ್ರಿಂಗ್. ಆಮೇಲೆ ಶಾಕ್‌ನ ದಂಡಕ್ಕೆ ಒಂದು ರಬ್ಬರ್ ಉಂಗುರ ತೊಡಿಸಿ, ನಾಲ್ವರನ್ನು ಕೂರಿಸಿ, ದಿನವೂ ಓಡಾಡುವ ದಾರಿಯಲ್ಲಿ ಒಂದು ಸುತ್ತು ಹಾಕಿಸಿ. ಚಕ್ರ ಎಲ್ಲಿಯವರೆಗೆ ಏರಿತ್ತೆಂಬುದನ್ನು ಉಂಗುರ ಸರಿದು ತೋರಿಸುತ್ತದೆ. ಅದರಾಚೆ ದಂಡದಲ್ಲಿ 25 ಮಿಮೀ ಬಾಕಿ ಇದ್ದರೆ 15 ಇಳಿಸಲು ಅವಕಾಶವಿದೆ. ಉಂಗುರ ತುದಿಗೇ ಹೋಗಿ ಕೂತಿದ್ದರೆ ಆ ಕಾರನ್ನು ಇಳಿಸಲು ಏನೂ ಉಳಿದಿಲ್ಲ.